ಧೂಳಿನಿಂದ ಕಳೆದ ಧೂಳು

ಪ್ರಿಯಂವದಾಳ ಪಿಎಚ್‌ಡಿಯ ಆನ್‌ಲೈನ್ ವೈವಾಕ್ಕೆ ಒಂದೇ ಗಂಟೆ ಉಳಿದಿತ್ತು. ಪಿಎಚ್‌ಡಿ ಮುಗಿಸುವ ಅವಧಿಯನ್ನು ಎರಡು ಸಲ ವಿಸ್ತರಿಸಿಯಾಗಿತ್ತು; ಮತ್ತೆ ಸಿಗುವಂತಿರಲಿಲ್ಲ. ದೂರದ ಗ್ಯಾಲಕ್ಸಿಯೊಂದರ ಉರಿಯುವ ಕೇಂದ್ರದ ಸುತ್ತ ಧೂಳು ತೀರಾ ಕಡಿಮೆ ಎಂಬುದು ಅವಳ ಪ್ರಬಂಧ. ಧೂಳಿನ ಕಾವು ಕಾಣುವ ಇನ್‌ಫ್ರಾರೆಡ್ ಚಿತ್ರದಿಂದ ಪಕ್ಕದ ಖಾಲಿ ಆಕಾಶದ ಕಾವನ್ನು ಕಳೆದಾಗ ಸಿಕ್ಕ ಉತ್ತರ ಅದು.

ಮುಂಬಯಿ ಬಳಿಯ ಡೊಂಬಿವಲಿಯ ಮನೆಯಲ್ಲಿ ಇನ್ನೊಮ್ಮೆ ಚಿತ್ರ ನೋಡಿದವಳಿಗೆ ತಪ್ಪು ಕಂಡಿತು. ಖಾಲಿಯೆಂದುಕೊಂಡ ಜಾಗಕ್ಕೂ ಆ ಗ್ಯಾಲಕ್ಸಿಯ ಧೂಳು ಹಬ್ಬಿತ್ತು. ಅವಳು ಧೂಳಿನಿಂದ ಧೂಳನ್ನೇ ಕಳೆದಿದ್ದಳು.

"ಎಂತ ಮಾರಾಯ್ತಿ, ಮುಖ ಬಿಳುಚಿದೆ?" ಎಂದರು ಅತ್ತೆ ವಸಂತಿ.

"ಲೆಕ್ಕ ತಪ್ಪಿದೆ ಅತ್ತೆ. ಪರೀಕ್ಷಕರಿಗೆ ಗೊತ್ತಾಗ್ಲಿಕ್ಕಿಲ್ಲ."

"ಹಾಗಾದ್ರೆ ಬಾಯ್ಮುಚ್ಚಿ ಪಾಸಾಗು. ಸೊಸೆ ಡಾಕ್ಟರ್ ಅಂತ ಸೊಸೈಟಿಯ ಮನೆಮನೆಗೂ ಹೇಳಿಯಾಗಿದೆ."

ನಲವತ್ತೈದರ ಪ್ರಿಯಂವದಾಳಿಗೂ ಆ ಹೆಸರು ಬೇಕಿತ್ತು. ಆದರೆ ಧೂಳಿಗೆ ಇಲ್ಲದ ಕೊರತೆಯನ್ನು ಇದೆಯೆಂದು ಜೀವಮಾನವಿಡೀ ಹೇಳಿಕೊಂಡಿರುವುದು ತನ್ನಿಂದಾಗದು ಎನಿಸಿತು. ಗೈಡ್‌ಗೆ ಫೋನ್ ಮಾಡಿದಳು.

"ಸರ್, ವೈವಾಕ್ಕೆ ಮೊದಲೇ ಹೇಳ್ತೇನೆ. ನನ್ನ ಉತ್ತರ ತಪ್ಪು."