ಒಂದೇ ಡಬ್ಬದ ಹಾಲು

"ಇನ್ನೊಂದು ತಂಬಿಗೆ ಹಾಕಮ್ಮ, ಹೆಗಲ ಮೇಲೆ. ನಿಧಾನ," ಎಂದಳು ಹೆಣ ತೊಳೆಯುವ ಹೆಂಗಸು.

ನಜಾತ್ ಬೋರೆ ಎಲೆಯ ಪುಡಿ ಕದಡಿದ ನೀರನ್ನು ಅತ್ತೆ ಬದ್ರಿಯಾಳ ಬಲ ಹೆಗಲಿಗೆ ಸುರಿದಳು. ನೀರು ಅವಳ ತೋಳಿನ ಮೇಲೆ ಇಳಿದು ಸಿಮೆಂಟ್ ಕಟ್ಟೆಯ ಕಾಲುವೆ ಸೇರಿತು. ಎಂಬತ್ತೊಂದು ವರ್ಷದ ದೇಹ. ಮೂಳೆಗೆ ಚರ್ಮ ಅಂಟಿಕೊಂಡಿತ್ತು.

"ಕುತ್ತಿಗೆ ಸುತ್ತ ಇದೇನು ಗೆರೆ? ತಾಯಿತ ಕಟ್ಟಿದ್ರಾ?"

"ತಾಯಿತ ಅಲ್ಲ. ಬೀಗದ ಕೈ."

"ಯಾವುದರದ್ದು?"

"ಉಗ್ರಾಣದ್ದು. ನಿನ್ನೆ ನಾನೇ ದಾರ ಕತ್ತರಿಸಿದೆ."

ಹೆಂಗಸು ಆ ಬಿಳಿಚಿದ ಗೆರೆಯ ಮೇಲೆ ಬಟ್ಟೆ ಆಡಿಸಿದಳು. ಅದು ಹೋಗುವಂಥದ್ದಲ್ಲ.

"ಮಗಳು ಇಲ್ವಾ?"

"ಹೊರಗಿದ್ದಾಳೆ. ಒಳಗೆ ಬರೋಕೆ ಧೈರ್ಯ ಸಾಲದು ಅಂದ್ಲು."

"ಸೊಸೆ ಕೈಲಿ ನೀರು ಹಾಕಿಸ್ಕೊಳ್ಳೋಕೂ ಅದೃಷ್ಟ ಬೇಕಮ್ಮ," ಎಂದು ಹೆಂಗಸು ಕರ್ಪೂರದ ನೀರಿನ ಬಕೆಟ್ ಮುಂದಕ್ಕೆ ಎಳೆದಳು. ನಜಾತ್ ತಂಬಿಗೆ ಮುಳುಗಿಸಿದಳು.

ಹೆಣಕ್ಕೆ ಬಿಳಿ ಬಟ್ಟೆ ಸುತ್ತಿ ಪೆಟ್ಟಿಗೆಗೆ ಇಳಿಸಿದ ಮೇಲೆ ನಜಾತ್ ಹೊರಗೆ ಬಂದಳು; ಗಂಡಸರು ಹೊರಡಲು ಕಾಯುತ್ತಿದ್ದರು. ತಮ್ಮ ಊರು ಹಿಲ್ಲಾದಿಂದ ಸ್ಮಶಾನವಿರುವ ನಜಫ್‌ಗೆ ಒಂದು ಗಂಟೆಯ ದಾರಿ. ಮಧ್ಯಾಹ್ನದ ನಮಾಜಿಗೆ ಮೊದಲು ಮಣ್ಣು ಮಾಡಬೇಕೆಂದು ನಜಾತಳ ಗಂಡ ಜಬ್ಬಾರ್ ಗಡಿಬಿಡಿ ಮಾಡುತ್ತಿದ್ದ. ಶವಪೆಟ್ಟಿಗೆಯನ್ನು ಕಾರಿನ ಮೇಲೆ ಹಗ್ಗದಿಂದ ಬಿಗಿಯುತ್ತಿದ್ದವನು ಮುಂತಜರ್, ಬದ್ರಿಯಾಳ ಮಗಳು ಫೌಜಿಯಾಳ ಒಬ್ಬನೇ ಮಗ. ಇಪ್ಪತ್ತನಾಲ್ಕು ವರ್ಷ. ಬಾಗಿಲಿಗೆ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಹಗ್ಗ ಎಳೆದಾಗ ಅವನ ಮುಂಗೈ ನರಗಳು ಉಬ್ಬಿದವು.

ನಜಾತ್ ಆ ಕೈಗಳನ್ನೇ ನೋಡಿದಳು. ಅವನನ್ನು ಯಾವತ್ತೂ ಅವಳು ಬರೀ ಸೋದರಳಿಯನೆಂದು ನೋಡಿದ್ದಿಲ್ಲ. ನೋಡಿದಾಗಲೆಲ್ಲ ಅಷ್ಟೇ ವಯಸ್ಸಿನ ಇನ್ನೊಬ್ಬಳು ಅವನ ಪಕ್ಕದಲ್ಲಿ ಎಷ್ಟೆತ್ತರ ಬರುತ್ತಿದ್ದಳು ಎಂದು ಕಣ್ಣು ಅಳೆಯುತ್ತಿತ್ತು.

*

ಇಪ್ಪತ್ನಾಲ್ಕು ವರ್ಷದ ಹಿಂದೆ, ಹೊರದೇಶಗಳು ಹೇರಿದ್ದ ವ್ಯಾಪಾರ ದಿಗ್ಬಂಧನದ ಐದನೇ ವರ್ಷ, ಆ ಮನೆಯಲ್ಲಿ ಒಂಬತ್ತು ಬಾಯಿಗಳಿದ್ದವು. ಬದ್ರಿಯಾ, ಮದುವೆಯಾಗದ ಇಬ್ಬರು ಗಂಡುಮಕ್ಕಳು, ಜಬ್ಬಾರ್, ನಜಾತ್, ಅವರ ಮೂರು ವರ್ಷದ ಅಲಿ ಮತ್ತು ಹಸುಗೂಸು ಬುಶ್ರಾ. ಫೌಜಿಯಾಳ ಗಂಡ ಜೋರ್ಡಾನ್ ರಸ್ತೆಯಲ್ಲಿ ಲಾರಿ ಉರುಳಿ ಸತ್ತಮೇಲೆ ಅವಳೂ ಕೂಸು ಮುಂತಜರ್‌ನನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಜಬ್ಬಾರ್ ಶಾಲಾ ಮೇಷ್ಟ್ರು. ಅವನ ತಿಂಗಳ ಸಂಬಳಕ್ಕೆ ಒಂದು ಟ್ರೇ ಮೊಟ್ಟೆ ಬರುತ್ತಿತ್ತು.

"ಮನೇಲಿರೋದು ಮುಗಿಯೋವರೆಗೂ ಯಾರೂ ಅಂಗಡಿ ಕಡೆ ತಲೆ ಹಾಕೋ ಹಾಗಿಲ್ಲ," ಎಂದು ಬದ್ರಿಯಾ ಉಗ್ರಾಣಕ್ಕೆ ಬೀಗ ಹಾಕಿದಳು.

ಆಮೇಲೆ ಆ ಮನೆಯಿಂದ ಏನೂ ಕಸವಾಗಿ ಬೀದಿಗೆ ಹೋಗಲಿಲ್ಲ. ಕಲ್ಲಂಗಡಿಯ ಸಿಪ್ಪೆ ಸಾರಾಯಿತು. ಟರ್ನಿಪ್ಪಿನ ಸೊಪ್ಪಿನಲ್ಲಿ ಅನ್ನ ಸುತ್ತಿ ಬೇಯಿಸಿ ಡೋಲ್ಮಾ ಎಂದಳು. ಖರ್ಜೂರದ ಬೀಜ ಹುರಿದು ಕುಟ್ಟಿ ಕಾಫಿ ಕಾಯಿಸಿದಳು. ಸಕ್ಕರೆಯ ಬದಲು ಖರ್ಜೂರದ ಪಾಕ. ರೇಷನ್ ಹಿಟ್ಟಿನಲ್ಲಿ ಮರದ ಪುಡಿ, ಹುಳು, ಒಮ್ಮೆ ಗೋಣಿದಾರ ಸಹ ಬಂತು. ಮೂರು ಸಲ ಜರಡಿ ಹಿಡಿದು, ಉಳಿದ ತೌಡನ್ನು ಕೋಳಿಗೆ ಹಾಕಿದಳು. ಕೋಳಿ ಮೊಟ್ಟೆ ನಿಲ್ಲಿಸಿದ ವಾರ ಕೋಳಿಯೂ ಪಾತ್ರೆ ಸೇರಿತು. ಅದರ ಮೂಳೆಯನ್ನು ನಾಲ್ಕು ಸಲ ಕುದಿಸಿದಳು.

"ಅಮ್ಮಾ, ಐದನೇ ಸಲ ಕುದಿಸಿದ್ರೆ ಕೋಳಿ ಎದ್ದು ಕೂಗುತ್ತೆ," ಎಂದು ಕಿರಿಮಗ ಛೇಡಿಸಿದ್ದ.

"ಕೂಗಲಿ. ಹಿಡಿದು ಆರನೇ ಸಲ ಕುದಿಸ್ತೀನಿ."

ಎಲ್ಲರೂ ನಕ್ಕಿದ್ದರು. ನಜಾತ್ ಸಹ. ಬಡಿಸುವಾಗ ಬದ್ರಿಯಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತಟ್ಟೆಯನ್ನಷ್ಟೇ ನೋಡುತ್ತಿದ್ದಳು. ಮಗನಿಗೂ ಸೊಸೆಗೂ ಒಂದೇ ಸೌಟು. ಈ ವಿಷಯದಲ್ಲಿ ಅವಳನ್ನು ಯಾರೂ ದೂರುವ ಹಾಗಿರಲಿಲ್ಲ.

*

ಹೆಣ ಹೋದ ಮೇಲೆ ಮನೆಯ ನಡುಕೋಣೆ ಕಪ್ಪು ಅಬಾಯ ಹೊದ್ದ ಹೆಂಗಸರಿಂದ ತುಂಬಿತು. ಶೋಕಗೀತೆ ಹಾಡುವ ಮುಲ್ಲಾಯಾ ಗೋಡೆಗೊರಗಿ ಕುಳಿತು ಗಂಟಲಿಗೆ ಬಿಸಿನೀರು ಕುಡಿಯುತ್ತಿದ್ದಳು. ಕಹಿ ಕಾಫಿಯ ಸಣ್ಣ ಲೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಹಿಂದಿನ ಅಂಗಳದಲ್ಲಿ ಕಡಲೆ, ಮಾಂಸ ಜಜ್ಜಿ ಬೇಯಿಸುವ ಕೈಮಾದ ಹಂಡೆ ಉರಿಯ ಮೇಲಿತ್ತು.

"ತಾಯಿ ಬಗ್ಗೆ ಏನಾದ್ರೂ ಹೇಳಮ್ಮ. ಹಾಡಿಗೆ ಸೇರಿಸ್ತೀನಿ," ಎಂದು ಮುಲ್ಲಾಯಾ ಫೌಜಿಯಾಳನ್ನು ಕೇಳಿದಳು. ಫೌಜಿಯಾ ಮುಖ ಮುಚ್ಚಿಕೊಂಡು ತಲೆಯಾಡಿಸಿದಳು, ಆಗುವುದಿಲ್ಲವೆಂದು.

"ನಾನು ಹೇಳ್ತೀನಿ," ಎಂದಳು ಎದುರುಮನೆಯ ಉಮ್ಮು ಗಾಜಿ. ಬದ್ರಿಯಾಳ ಓರಗೆಯವಳು. ಹಲ್ಲಿಲ್ಲ, ಧ್ವನಿ ಇತ್ತು. "ದಿಗ್ಬಂಧನದಲ್ಲಿ ಒಂದು ಸಲ ನಮ್ಮನೆಗೆ ಬಿರಿಯಾನಿ ಕಳಿಸಿದ್ಲು. ನನ್ನ ಗಂಡ ಮಾಂಸ, ಮಾಂಸ ಅಂತ ಬಾಯಿ ಚಪ್ಪರಿಸ್ಕೊಂಡು ತಿಂದ. ಆಮೇಲೆ ನಂಗೆ ಹೇಳ್ತಾಳೆ, ಹುರಿದ ಬದನೆಕಾಯಿ ತೊಟ್ಟು ಕಣೇ ಅಂತ! ಆ ಮನುಷ್ಯ ಸಾಯೋವರೆಗೂ ನಾನು ಬಾಯಿ ಬಿಡಲಿಲ್ಲ."

ಹೆಂಗಸರು ಅಬಾಯದ ಅಂಚಿನಲ್ಲಿ ಬಾಯಿ ಮುಚ್ಚಿ ನಕ್ಕರು.

"ನಗಬೇಡಿ. ಆ ವರ್ಷಗಳಲ್ಲಿ ಈ ಬೀದಿಯಲ್ಲಿ ಎಷ್ಟು ಮನೆಯಿಂದ ಎಷ್ಟು ಕೂಸುಗಳ ಪೆಟ್ಟಿಗೆ ಹೊರಗೆ ಬಂತು, ನೆನಪಿದೆಯಾ? ನಮ್ಮನೆಯಿಂದ ಒಂದು. ಮೂಲೆಮನೆಯಿಂದ ಎರಡು. ಬದ್ರಿಯಾ ಮಾತ್ರ ಇದ್ದಿದ್ದರಲ್ಲೇ ಒಂಬತ್ತು ಜನರನ್ನ ಸಾಕಿದ್ಲು. ಈ ಮನೆಯಿಂದ ಒಂದು ಜೀವಾನೂ ಹೋಗೋಕೆ ಬಿಡಲಿಲ್ಲ ಅವಳು. ಇದನ್ನ ಹಾಡು."

ಮುಲ್ಲಾಯಾ ಲೋಟ ಕೆಳಗಿಟ್ಟು ಬಾಯಿ ತೆರೆದಳು.

"ಒಂದು ಹೋಯ್ತು," ಎಂದಳು ನಜಾತ್.

ಅವಳು ಕಾಫಿಯ ಹೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಧ್ವನಿ ಜೋರಾಗಿರಲಿಲ್ಲ. ಆದರೂ ಕೋಣೆಗೆಲ್ಲ ಕೇಳಿತು.

"ಅತ್ತಿಗೆ," ಎಂದಳು ಫೌಜಿಯಾ ಮುಖ ಎತ್ತಿ. "ಇವತ್ತು ಬೇಡ."

"ಬುಶ್ರಾ ಅಂತ. ಏಳು ತಿಂಗಳು. ಉಮ್ಮು ಗಾಜಿ, ನೀವೇ ಅವಳಿಗೆ ಬಿಳಿ ಬಟ್ಟೆ ಕೊಟ್ಟಿದ್ರಿ. ನಮ್ಮನೇಲಿ ಇರಲಿಲ್ಲ."

ಮುದುಕಿ ಕಣ್ಣು ಪಿಳುಕಿಸಿದಳು. "ಹೌದಲ್ವೇ. ಮರೆತೇಬಿಟ್ಟೆ ಮಗಳೇ. ಹೆಂಗೆ ಮರೆತೆ?" ಎಂದು ತನ್ನ ತೊಡೆಯ ಮೇಲೆ ತಾನೇ ಹೊಡೆದುಕೊಂಡಳು.

ನಜಾತ್ ಹೂಜಿಯನ್ನು ಪಕ್ಕದವಳ ಕೈಗಿತ್ತು ಅಡುಗೆಮನೆಗೆ ಹೋದಳು.

*

ಆ ಬೇಸಿಗೆ ಇಬ್ಬರು ತಾಯಂದಿರಿಗೂ ಎದೆಹಾಲು ಬತ್ತಿತ್ತು. ರೇಷನ್ನಿನಲ್ಲಿ ಕೂಸುಗಳಿಗೆಂದು ಹಾಲಿನ ಪುಡಿಯ ಡಬ್ಬ ಕೊಡುತ್ತಿದ್ದರು. ಆ ತಿಂಗಳು ಬರಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ರೇಷನ್ ಅಂಗಡಿಯವನು ಹೇಳುತ್ತಿದ್ದ. ಮನೆಯಲ್ಲಿ ಉಳಿದದ್ದು ಒಂದೇ ಡಬ್ಬ.

ಬದ್ರಿಯಾ ದಿನಾ ಬೆಳಗ್ಗೆ ಎರಡು ಬಾಟಲಿ ಅಕ್ಕಪಕ್ಕ ಇಟ್ಟು ಪುಡಿ ಹಾಕುತ್ತಿದ್ದಳು. ಚಮಚ ತುಂಬಿ, ಬೆರಳಿನಿಂದ ಅದರ ತಲೆ ಸವರಿ ಮಟ್ಟ ಮಾಡಿ, ಎರಡಕ್ಕೂ ಒಂದೇ ಅಳತೆ. ಮೊದಲ ವಾರ ನಾಲ್ಕು ಚಮಚ. ಆಮೇಲೆ ಮೂರು. ಆಮೇಲೆ ಎರಡು, ಉಳಿದದ್ದು ಅಕ್ಕಿ ಬೇಯಿಸಿದ ತಿಳಿ. ಬಾಟಲಿ ಬೆಳ್ಳಗೇ ಕಾಣುತ್ತಿತ್ತು. ನಜಾತ್ ನೋಡುತ್ತ ನಿಂತಿರುತ್ತಿದ್ದಳು. ಸಾಲದು ಎನ್ನಲು ಬಾಯಿಗೆ ಬರುತ್ತಿತ್ತು. ಯಾರ ಪಾಲಿನಿಂದ ಕೊಡಲಿ ಎಂದು ಅತ್ತೆ ಕೇಳಿದರೆ ಏನು ಹೇಳುವುದು?

ಬುಶ್ರಾಳ ಕಾಲುಗಳು ಸಣ್ಣಗಾದವು. ಅಳುವುದು ನಿಂತಿತು. ಭೇದಿ ಶುರುವಾದ ನಾಲ್ಕನೇ ದಿನ ಆಸ್ಪತ್ರೆಯ ಬೆಂಚಿನ ಮೇಲೆ, ನಜಾತಳ ತೊಡೆಯಲ್ಲಿ ಹೋದಳು. ಡ್ರಿಪ್ ಹಾಕಲು ಸೂಜಿ ಇರಲಿಲ್ಲ.

ಮಣ್ಣು ಮಾಡಿದ ಮಾರನೆಯ ಬೆಳಗ್ಗೆ ನಜಾತ್ ಹಾಸಿಗೆಯಲ್ಲಿದ್ದಳು. ಅಡುಗೆಮನೆಯಿಂದ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಎದ್ದು ಬಾಗಿಲಿಗೆ ಬಂದಳು. ಬದ್ರಿಯಾ ಒಂದೇ ಬಾಟಲಿ ಇಟ್ಟುಕೊಂಡು ಪುಡಿ ಹಾಕುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು. ತಲೆ ಸವರಲಿಲ್ಲ. ಪ್ರತಿ ಚಮಚವೂ ಗೋಪುರದ ಹಾಗೆ ತುಂಬಿತ್ತು. ಮುಂತಜರ್ ಆ ಬಾಟಲಿಯನ್ನು ಕೊನೆಯ ಹನಿಯವರೆಗೂ ಕುಡಿದು ತೇಗಿದ.

ನಜಾತ್ ಮತ್ತೆ ಹೆರಲಿಲ್ಲ. ಇಪ್ಪತ್ನಾಲ್ಕು ವರ್ಷ ಅತ್ತೆಗೆ ಚಹಾ ಕೊಟ್ಟಳು, ಕಾಲೊತ್ತಿದಳು; ಪಾರ್ಶ್ವವಾಯು ಬಡಿದ ಮೇಲೆ ಚಮಚದಲ್ಲಿ ತಿನ್ನಿಸಿದಳು. ಬೇಕಾದ್ದಷ್ಟೇ ಮಾತಾಡಿದಳು. ಆ ಚಮಚಗಳ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಬದ್ರಿಯಾ ಸಹ ಎತ್ತಲಿಲ್ಲ.

*

ಅಡುಗೆಮನೆಯಲ್ಲಿ ನಜಾತ್ ಅಕ್ಕಿಯ ತಪ್ಪಲೆಯ ಮುಚ್ಚಳ ತೆಗೆದು ಉಗಿ ಬಿಡುತ್ತಿದ್ದಳು. ಫೌಜಿಯಾ ಹಿಂದೆಯೇ ಬಂದು ಬಾಗಿಲು ಮುಂದಕ್ಕೆ ತಳ್ಳಿದಳು. ನಡುಕೋಣೆಯಲ್ಲಿ ಮುಲ್ಲಾಯಾ ಹಾಡಲು ತೊಡಗಿದ್ದಳು. ಎದೆ ಬಡಿದುಕೊಳ್ಳುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಅಮ್ಮನ್ನ ದೂರಬೇಡಿ ಅತ್ತಿಗೆ."

"ನಾನು ದೂರಲಿಲ್ಲ. ಒಂದು ಹೋಯ್ತು ಅಂದೆ. ಹೋಗಲಿಲ್ವಾ?"

"ಅಮ್ಮ ಹಾಲು ತೆಳ್ಳಗೆ ಮಾಡಿದ್ದು ಡಬ್ಬ ಸಾಲದೇ ಬಂತು ಅಂತ. ಸಾಲದೇ ಬಂದಿದ್ದು..." ಫೌಜಿಯಾ ಗೋಡೆ ಹಿಡಿದು ಕೆಳಗೆ ಕುಳಿತಳು. "ಸಾಲದೇ ಬಂದಿದ್ದು ನನ್ನಿಂದ."

ನಜಾತ್ ತಪ್ಪಲೆಗೆ ಮುಚ್ಚಳ ಹಾಕಿ ಅವಳ ಕಡೆ ತಿರುಗಿದಳು.

"ಆಗ ಬೀಗದ ಕೈ ಅಮ್ಮನ ದಿಂಬಿನ ಕೆಳಗೆ ಇರ್ತಿತ್ತು. ನಾನು ಅದೇ ಕೋಣೇಲಿ ಮಲಗ್ತಿದ್ದೆ. ಎಲ್ಲರೂ ಏಳೋಕೆ ಮುಂಚೆ ಹೋಗಿ ಎರಡು ಚಮಚ ತಗೊಂಡು ಮುಂತಜರ್ ಬಾಯಿಗೆ ಒಣಪುಡಿನೇ ಹಾಕ್ತಿದ್ದೆ. ಬೆರಳಿಗೆ ಅಂಟಿಸ್ಕೊಂಡು ಚೀಪಿಸ್ತಿದ್ದೆ. ಹನ್ನೆರಡು ದಿನ. ಅಪ್ಪ ಇಲ್ಲದ ಮಗು, ಇದೂ ಹೋದ್ರೆ ನಾನೇನು ಮಾಡಲಿ ಅಂತ. ಬುಶ್ರಾಳ ಯೋಚನೆ ಬರಲಿಲ್ಲ ಅಂತ ಸುಳ್ಳು ಹೇಳಲ್ಲ. ಬಂತು. ಬಂದರೂ ಮಾಡಿದೆ."

"ನಿಮ್ಮಮ್ಮಂಗೆ ಗೊತ್ತಿತ್ತಾ?"

"ಎಣಿಸಿ ಹಾಕೋಳಿಗೆ ಗೊತ್ತಾಗಲ್ವಾ? ಒಂದಿನ ಉಗ್ರಾಣದ ಬಾಗಿಲಲ್ಲೇ ಕೈ ಹಿಡಿದ್ಲು. ಬೈಲಿಲ್ಲ, ಹೊಡೀಲಿಲ್ಲ. ಕೈ ತೊಳ್ಕೊ ಹೋಗು ಅಂದ್ಲು. ಅವತ್ತೇ ಕೀಲಿ ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕ್ಕೊಂಡ್ಲು. ಅವತ್ತಿಂದ ಎರಡೇ ಚಮಚ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ನನ್ನ ಈ ಮನೇಲಿ ಇರೋಕೆ ಬಿಡ್ತಿದ್ರಾ?"

ಹಂಡೆಯ ಕೆಳಗಿನ ಹೊಗೆ ಕಿಟಕಿಯಿಂದ ಒಳಗೆ ಬಂತು. ಇಬ್ಬರೂ ಕೆಮ್ಮಿದರು.

"ಆ ದಿನ," ಎಂದಳು ನಜಾತ್ ಕೊನೆಗೆ. "ಮಣ್ಣು ಮಾಡಿದ ಮಾರನೇ ದಿನ. ನಿಮ್ಮಮ್ಮ ಚಮಚದ ತಲೆ ಸವರದೆ ಹಾಕಿದ್ಲು. ನಾನು ನೋಡಿದೆ."

"ನಾನು ಪಕ್ಕದಲ್ಲೇ ಇದ್ದೆ. ಬಾಟಲಿ ನನ್ನ ಕೈಗೆ ಕೊಟ್ಟು ಕಿವೀಲಿ ಏನಂದ್ಲು ಗೊತ್ತಾ? ಇನ್ನು ನೀನು ಕದಿಯೋ ಅಗತ್ಯ ಇಲ್ಲ ಅಂದ್ಲು. ಅಷ್ಟೇ. ಆಮೇಲೆ ಸಾಯೋವರೆಗೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ."

ಫೌಜಿಯಾ ಅಳುತ್ತಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಒಂದೆರಡು ಅಕ್ಕಿಕಾಳನ್ನು ಬೆರಳಿನಿಂದ ಒತ್ತಿ ಎತ್ತುತ್ತಿದ್ದಳು.

"ಮುಂತಜರ್‌ಗೆ?"

"ಗೊತ್ತಿಲ್ಲ. ನೀವು ಬೇಕಾದ್ರೆ ಹೇಳಿ. ನಾನು ತಡೆಯಲ್ಲ."

*

ಗಂಡಸರು ನಜಫ್‌ನಿಂದ ಮರಳುವಾಗ ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳುತ್ತಿತ್ತು. ಬೀದಿಯ ಶಾಮಿಯಾನದಲ್ಲಿ ಊಟ ಮುಗಿದು ತಾಟುಗಳನ್ನು ಎತ್ತುತ್ತಿದ್ದರು. ಜಬ್ಬಾರ್ ಬಂದವರ ಪಕ್ಕ ಕುಳಿತ. ಮುಂತಜರ್ ನೇರ ಅಡುಗೆಮನೆಗೆ ಬಂದ. ಮೊಣಕಾಲಿನವರೆಗೂ ಹಳದಿ ಮಣ್ಣು. ಸಮಾಧಿಗೆ ಇಳಿದು ಅಜ್ಜಿಯ ತಲೆ ಹಿಡಿದವನು ಅವನೇ.

"ಅತ್ತೆ, ಏನಾದ್ರೂ ಇದೆಯಾ? ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ." ಆಮೇಲೆ ತಾಯಿಯನ್ನು ನೋಡಿದ. ಅವಳು ಮೂಲೆಯಲ್ಲಿ ಇನ್ನೂ ನೆಲದ ಮೇಲೇ ಇದ್ದಳು. "ಅಮ್ಮ ಯಾಕೆ ಹೀಗೆ ಕೂತಿದ್ದಾಳೆ? ಏನಾಯ್ತು?"

ಫೌಜಿಯಾ ನಜಾತಳ ಕಡೆ ನೋಡಿದಳು.

"ಅವಳಮ್ಮ ಹೋಗಿದ್ದಾಳೆ. ಇನ್ನೇನಾಗಬೇಕು?" ಎಂದಳು ನಜಾತ್. "ಕೈ ತೊಳ್ಕೊಂಡು ಬಾ."

ಅವನು ಚಾಪೆಯ ಮೇಲೆ ಕಾಲು ಮಡಚಿ ಕುಳಿತ. ನಜಾತ್ ತಟ್ಟೆ ಮುಂದಿಟ್ಟು ಒಂದು ಸೌಟು ಅನ್ನ ಹಾಕಿದಳು, ಮೇಲೆ ಕೈಮಾ. ತಲೆಯೆತ್ತದೆ ತಿಂದ. ಇನ್ನೊಂದು ಸೌಟು ಹಾಕಿದಳು. ಅದನ್ನೂ ತಿಂದ. ಅಗಿಯುವಾಗ ಅವನ ಹಣೆಯ ಬದಿಯ ನರ ಏರಿ ಇಳಿಯುತ್ತಿದ್ದುದನ್ನು ಅವಳು ನೋಡಿದಳು. ಮೂರನೆಯದಕ್ಕೆ ಅವನು ನಕ್ಕು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕತ್ತೆ. ಹೊಟ್ಟೆ ತುಂಬಿತು."

ಅವಳು ಸೌಟನ್ನು ಹಿಂದಕ್ಕೆ ತೆಗೆಯಲಿಲ್ಲ. ಬಿಸಿ ಅನ್ನ ಅವನ ಬೆರಳುಗಳ ಮೇಲೆ ಬಿತ್ತು. ಅವನು ಹಾ ಎಂದು ಕೈ ಎಳೆದುಕೊಂಡು ಅವಳ ಮುಖ ನೋಡಿದ. ನಜಾತ್ ತಪ್ಪಲೆಗೆ ಬಾಗಿ ಮತ್ತೊಂದು ಸೌಟು ಗೋಪುರದ ಹಾಗೆ ತುಂಬುತ್ತಿದ್ದಳು.