ಬಾಗಿಲ ಬುಡಕ್ಕೆ ಬಂದ ಬಲಿಪೀಠ

ನಾನು ಒಂದು ಚಪ್ಪಡಿ ಕಲ್ಲು. ಇಂಗ್ಲೆಂಡಿನ ಉತ್ತರದ ಒಂದು ಕಣಿವೆಯಲ್ಲಿ ನನ್ನನ್ನು ಬಂಡೆಯಿಂದ ಸೀಳಿ ತೆಗೆದರು. ಎಂಟಡಿ ಉದ್ದ, ಗೇಣು ದಪ್ಪ, ಒಂದೂ ಬಿರುಕಿಲ್ಲ. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬಿಷಪ್ಪರು ಎಣ್ಣೆ ಹಚ್ಚಿ ಪ್ರಾರ್ಥಿಸಿದ ಮೇಲೆ ನಾನು ಹೆಸಲ್‌ಬೆಕ್ ಎಂಬ ಹಳ್ಳಿಯ ಚರ್ಚಿನಲ್ಲಿ ಬಲಿಪೀಠವಾದೆ. ಮುನ್ನೂರು ವರ್ಷ ಪಾದ್ರಿಗಳು ನನ್ನ ಮೇಲೆ ರೊಟ್ಟಿ, ದ್ರಾಕ್ಷಾರಸವಿಟ್ಟು ಕ್ಯಾಥೊಲಿಕ್ ಪೂಜೆ ನಡೆಸಿದರು.

ಆಮೇಲೆ ಪ್ರಾಟೆಸ್ಟೆಂಟ್ ರಾಣಿ ಪಟ್ಟಕ್ಕೆ ಬಂದಳು. ಕಲ್ಲಿನ ಪೀಠ ಬೇಡ, ಮರದ ಮೇಜು ಸಾಕು ಎಂದು ಅಪ್ಪಣೆಯಾಯಿತು. ನನ್ನನ್ನು ಒಡೆದುಹಾಕುವ ಕೆಲಸ ಊರಿನ ಗಾಡಿಯವನಾದ ಕತ್‌ಬರ್ಟ್‌ಗೆ ಬಂತು. ಅವನು ಒಡೆಯಲಿಲ್ಲ. ಚರ್ಚಿನ ಹಿಂದೆ ಗುಂಡಿ ತೋಡಿ, ನನ್ನನ್ನು ಮಲಗಿಸಿ, ಮೇಲೆ ಒಣಹುಲ್ಲು ಹಾಸಿ ಮಣ್ಣು ಮುಚ್ಚಿದ.

ಹತ್ತು ವರ್ಷ ಹಾಗೇ ಇದ್ದೆ. ಅಷ್ಟರಲ್ಲಿ ಮೇಲೆ ಸಿಟ್ಟು ಬೆಳೆಯುತ್ತಿತ್ತು. ಉತ್ತರದ ಹಳೆಯ ಮನೆತನಗಳ ಅಧಿಕಾರವನ್ನು ರಾಣಿ ಕಿತ್ತು ತನ್ನವರಿಗೆ ಕೊಟ್ಟಿದ್ದಳು. ಗಡಿಯಾಚೆಯ ನೆರೆರಾಜ್ಯದಿಂದ ಓಡಿಬಂದ ಕ್ಯಾಥೊಲಿಕ್ ರಾಣಿಯನ್ನು ಸೆರೆಯಲ್ಲಿಟ್ಟಿದ್ದಳು; ಮುಂದೆ ಅವಳೇ ಸಿಂಹಾಸನ ಏರಲಿ ಎಂದು ಇಲ್ಲಿಯ ಹಲವರ ಆಸೆ. ಕೊನೆಗೆ ಆ ಮನೆತನಗಳ ಇಬ್ಬರು ಅರ್ಲ್‌ಗಳಿಗೆ, ಅಂದರೆ ಸಾಮಂತರಿಗೆ, ಆಸ್ಥಾನದಿಂದ ಕರೆ ಬಂತು. ಹೋದರೆ ತಲೆ ಉಳಿಯದು ಎಂದು ಹೆದರಿ ಅವರು ದಂಗೆ ಎದ್ದರು.

ನವೆಂಬರಿನ ಒಂದು ಬೆಳಿಗ್ಗೆ ಊರಿನ ಜಮೀನ್ದಾರ ಸರ್ ಜರ್ವೇಸ್ ಕುದುರೆ ಏರಿ ಚರ್ಚಿನ ಅಂಗಳಕ್ಕೆ ಬಂದ.

"ಅರ್ಲ್‌ಗಳ ಹುಕುಂ ಆಗಿದೆ. ಹಳೇ ಪೂಜೆ ಮತ್ತೆ ನಡೀಬೇಕು. ಆ ಕಲ್ಲು ಎಲ್ಲಿದೆಯೋ, ಕತ್‌ಬರ್ಟ್?"

"ನಿಮ್ ಕುದುರೆ ಕಾಲಡೀಲೇ ಐತೆ, ಒಡೆಯಾ."

ಕತ್‌ಬರ್ಟನ ಹೆಂಡತಿ ಆಲಿಸನ್ ಅವನ ತೋಳು ಹಿಡಿದಳು. "ಇವತ್ತು ತೆಗಿ ಅಂತಾರೆ, ನಾಳೆ ಯಾಕ್ ತೆಗ್ದೆ ಅಂತಾರೆ. ನಮಗ್ಯಾಕೆ ಬೇಕು?"

"ನಿಮ್ಮ ಬೆನ್ನಿಗೆ ನಾನಿದೀನಿ" ಎಂದ ಸರ್ ಜರ್ವೇಸ್.

ಮೂವತ್ತು ಗಂಡಸರು ಹಗ್ಗ ಹಿಡಿದರು, ಕತ್‌ಬರ್ಟನ ಎತ್ತುಗಳು ಎಳೆದವು. ಮರುದಿನ ಪೂಜೆ ನಡೆಯಿತು. ಮುದುಕಿಯರು ನನ್ನ ಅಂಚು ಮುಟ್ಟಿ ಅತ್ತರು. ನಾನು ಹಿಗ್ಗಿದೆ.

ಐದೇ ವಾರ. ರಾಣಿಯ ದಂಡು ಬಂತು, ಅರ್ಲ್‌ಗಳು ಗಡಿ ದಾಟಿ ಓಡಿದರು. ಊರೂರಿಗೂ ಇಷ್ಟು ಜನರನ್ನು ನೇಣಿಗೇರಿಸಬೇಕು ಎಂದು ಪಟ್ಟಿ ಬಂತು. ಹೆಸಲ್‌ಬೆಕ್‌ಗೆ ಒಬ್ಬ.

ರಾಣಿಯ ಅಧಿಕಾರಿ ನನ್ನ ಮೇಲೆ ಕೈಯಿಟ್ಟು ಊರವರನ್ನು ಕೇಳಿದ: "ಇದನ್ನು ಎತ್ತಿದವರು ಯಾರು?"

ಎಲ್ಲರೂ ನೆಲ ನೋಡಿದರು. ಕತ್‌ಬರ್ಟ್ ಸರ್ ಜರ್ವೇಸನ ಮುಖ ನೋಡಿದ. ಸರ್ ಜರ್ವೇಸ್ ಕಿಟಕಿ ನೋಡಿದ.

"ಎತ್ತು ನನ್ನವು" ಎಂದ ಕತ್‌ಬರ್ಟ್. "ಹೊಡ್ದೋನೂ ನಾನೇ. ಬ್ಯಾರೆಯೋರ್ನ ಕೇಳ್ಬ್ಯಾಡಿ."

ಅವನನ್ನು ಊರ ಮುಂದಿನ ಬಯಲಲ್ಲಿ ಗಲ್ಲಿಗೇರಿಸಿದರು. ಸರ್ ಜರ್ವೇಸ್ ಅರ್ಧ ಜಮೀನು ರಾಣಿಗೆ ಬಿಟ್ಟುಕೊಟ್ಟು ಕ್ಷಮಾದಾನ ಪಡೆದ. ಕತ್‌ಬರ್ಟ್ ಬಳಿ ಬಿಟ್ಟುಕೊಡಲು ಜಮೀನು ಇರಲಿಲ್ಲ. ನನ್ನನ್ನು, ಬಂದವರೆಲ್ಲ ತುಳಿಯಲಿ ಎಂದು, ಚರ್ಚಿನ ಬಾಗಿಲ ಬುಡದಲ್ಲಿ ಹಾಸಿದರು.

ಅಂದಿನಿಂದ ನಾನು ಜನರನ್ನು ಕೆಳಗಿನಿಂದ ನೋಡುತ್ತಿದ್ದೇನೆ. ಆಲಿಸನ್ ಪ್ರತಿ ಭಾನುವಾರ ನೇರವಾಗಿ ನನ್ನ ಮೇಲೆ ಕಾಲಿಟ್ಟೇ ಒಳಹೋಗುತ್ತಿದ್ದಳು. ಸರ್ ಜರ್ವೇಸ್ ಮಾತ್ರ ಗೋಡೆ ಹಿಡಿದು, ನನ್ನ ಪಕ್ಕದಲ್ಲಿ ಒತ್ತರಿಸಿಕೊಂಡು ದಾಟುತ್ತಿದ್ದ. ವರ್ಷಗಳಾದ ಮೇಲೆ ಒಂದು ದಿನ, ಮುದುಕನಾಗಿದ್ದ ಅವನು ಹಾಗೆ ದಾಟುವಾಗ ಮುಗ್ಗರಿಸಿದ. ಆಲಿಸನ್ ಅವನ ಕೈ ಹಿಡಿದು ನಿಲ್ಲಿಸಿದಳು.

"ತುಳ್ದೇ ಬನ್ನಿ, ಒಡೆಯಾ. ಕಲ್ಲಿಗೆ ಇಷ್ಟೊಂದು ಮರ್ಯಾದೆ ಕೊಡ್ತೀರಿ. ನನ್ ಗಂಡನ್ನ ತುಳ್ಕೊಂಡೇ ದಾಟಿದ್ರಲ್ಲ."

ಅಂದು ಅವನು ಒಳಗೆ ಹೋಗಲೇ ಇಲ್ಲ.

ಈಗ ನಾನು ನಡುವೆ ಸವೆದು ತಗ್ಗಾಗಿದ್ದೇನೆ. ಮಳೆ ಬಂದರೆ ಬೊಗಸೆ ನೀರು ನಿಲ್ಲುತ್ತದೆ. ಆದರೂ ಗಟ್ಟಿಯಾಗಿದ್ದೇನೆ. ನೋಡಲು ಬಂದವರು ನನ್ನ ಮೇಲೆ ನಿಂತು ರಾಣಿಯ, ಅರ್ಲ್‌ಗಳ ಕಥೆ ಹೇಳಿಕೊಳ್ಳುತ್ತಾರೆ. ಅವರ ಹೆಸರು ಹೇಳಲು ಪುಸ್ತಕಗಳಿವೆ. ಕತ್‌ಬರ್ಟನ ಹೆಸರು ಎಲ್ಲೂ ಕೆತ್ತಿಲ್ಲ. ಅದನ್ನು ನಾನು ಹೇಳುತ್ತೇನೆ.