ಖಾಲಿ ಹೊಟ್ಟೆಯ ಮಂಗಳವಾರ

ಮಗಳು ತಿಮ್ಮಮ್ಮ "ಅವ್ವ, ಹಸಿವು" ಎಂದಾಗ ಜವರಮ್ಮನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಕಾಫಿ ಎಸ್ಟೇಟ್ ಆಸ್ಪತ್ರೆಯ ಜಗಲಿಯಲ್ಲಿ, ಅದೂ ಕರೆಂಟು ಕೊಡುವ ಮಂಗಳವಾರ ಬೆಳಿಗ್ಗೆಯೇ ಆ ಮಾತು ಬಂದಿತ್ತು.

ಕೂಸು ಸತ್ತು ಹುಟ್ಟಿದ ಮೇಲೆ ಏಳು ತಿಂಗಳು ತಿಮ್ಮಮ್ಮ ತಾನಾಗಿ ಒಂದು ತುತ್ತು ಕೇಳಿದವಳಲ್ಲ. ಮಾತಿಲ್ಲ, ಅಳುವಿಲ್ಲ. ದಿನವಿಡೀ ಹಣ್ಣು ಕುಯ್ದು ಬಂದ ಕೈಯಲ್ಲೇ ಜವರಮ್ಮ ಅವಳ ದವಡೆ ಒತ್ತಿ ಹಿಡಿದು ಗಂಜಿ ಹೊಯ್ಯುತ್ತಿದ್ದಳು. ಅರ್ಧ ಒಳಗೆ, ಅರ್ಧ ಕುತ್ತಿಗೆಗೆ.

ಯುದ್ಧದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದ ಡಾಕ್ಟರೊಬ್ಬರು ಈ ಕುಯ್ಲಿನ ಕಾಲದಲ್ಲಿ ಚಿಕ್ಕಮಗಳೂರಿನಿಂದ ಮಂಗಳವಾರ, ಶುಕ್ರವಾರ ಬರತೊಡಗಿದ್ದರು. ಜೊತೆಗೆ ಒಂದು ಮರದ ಪೆಟ್ಟಿಗೆ. ಅದರ ತಂತಿಗಳನ್ನು ಹಣೆಯ ಎರಡೂ ಪಕ್ಕಕ್ಕೆ ಒತ್ತಿ ಮಿದುಳಿಗೆ ಒಂದು ಗಳಿಗೆ ಕರೆಂಟು ಹಾಯಿಸುತ್ತಾರೆ. ಆರು ಸಲ ಆದರೆ ಇಂಥವರು ಮೊದಲಿನಂತೆ ಆಗುವುದುಂಟು ಎಂದಿದ್ದರು. "ಉಂಟು ಅಂದೆ, ಖಂಡಿತ ಅನ್ನಲಿಲ್ಲ" ಎಂದೂ ಹೇಳಿದ್ದರು. ಕರೆಂಟು ಬರುವುದು ಹಣ್ಣು ಸುಲಿಯುವ ಪಲ್ಪರ್ ಮೆಷಿನ್ ಓಡಿಸುವ ಎಂಜಿನ್ನಿನಿಂದ. ಎಣ್ಣೆ ಸಿಗದ ಕಾಲ. ಹಣ್ಣು ಮುಗಿದರೆ ಎಂಜಿನ್ನೂ ನಿಲ್ಲುತ್ತದೆ. ಗಿಡದಲ್ಲಿ ಇನ್ನೊಂದು ವಾರದ ಹಣ್ಣಿತ್ತು. ಮೂರು ಸಲ ಆಗಿತ್ತು, ಮೂರು ಉಳಿದಿತ್ತು. ಒಂದು ದಿನ ತಪ್ಪಿದರೂ ಆರು ಆಗುವ ಹಾಗಿರಲಿಲ್ಲ.

"ಸಿಪ್ಪೆ ಸುಲಿಯೋ ಮೆಷಿನ್ನಿಗೆ ಮಗಳ ತಲೆ ಕೊಡ್ತಾಳಂತೆ" ಎಂದು ಕೂಲಿ ಲೈನಿನ ಪಕ್ಕದ ಮನೆಯ ಗಿಡ್ಡಮ್ಮ ನಕ್ಕಿದ್ದಳು.

"ನಿನ್ನ ತಲೆ ಕೊಟ್ರೆ ಬರೀ ಸಿಪ್ಪೆನೇ ಬರೋದು, ಸುಮ್ನಿರು ಮಾರಾಯ್ತಿ" ಎಂದು ಹೇಳಿ ಜವರಮ್ಮ ಮಗಳನ್ನು ಕರೆತಂದಿದ್ದಳು.

ಕಟ್ಟಳೆ ಒಂದೇ: ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಕಾಂಪೌಂಡರ್ ಶೇಷಪ್ಪನವರು ಪ್ರತಿ ಸಲವೂ ಹೇಳುತ್ತಿದ್ದರು: "ಮೈ ನಡುಗುವಾಗ ಉಂಡದ್ದು ಮೇಲೆ ಬಂದು ಉಸಿರಿನ ದಾರಿಗೆ ಹೋದ್ರೆ ಜೀವ ಉಳಿಯಲ್ಲ, ತಿಳೀತಾ?"

"ಸ್ವಲ್ಪ ತಡಿ ಮಗ" ಎಂದಳು ಜವರಮ್ಮ. "ಕರೆಂಟು ಆದ ಕೂಡ್ಲೆ ಕೊಡ್ತೀನಿ."

"ಈಗ ಬೇಕು."

ಜವರಮ್ಮನ ಅಣ್ಣ ಭೂತಯ್ಯ ಎದ್ದು ನಿಂತ. ಕಳಸದ ಕಡೆಯ ತೋಟದಿಂದ ನಿನ್ನೆ ಬಂದವನು; ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತು, ಅಲ್ಲಿಂದ ಒಂದು ಹಿಡಿ ಪ್ರಸಾದದ ಅಕ್ಕಿ ಗಂಟು ಕಟ್ಟಿ ತಂದಿದ್ದ. ಕರೆಂಟು ಆದಮೇಲೆ ಕುಡಿಸಲೆಂದು ಆ ಅಕ್ಕಿಯ ಗಂಜಿ ಮುಚ್ಚಳದ ಪಾತ್ರೆಯಲ್ಲಿತ್ತು.

"ಕೇಳಿದ್ಯಾ ತಂಗಿ? ಅಮ್ಮನೇ ಬಾಯಿ ಬಿಡಿಸಿದ್ದಾಳೆ. ಇನ್ನು ಕರೆಂಟು ಎಂತಕ್ಕೆ? ಉಣ್ಣಿಸಿ ಮನೆಗೆ ಕರ್ಕೊಂಡು ಹೋಗುವ."

"ಬಿಡಿಸಿದ್ದು ಅಮ್ಮನೋ ಕರೆಂಟೋ ನಂಗೆ ಗೊತ್ತಿಲ್ಲ ಅಣ್ಣ. ಅರ್ಧಕ್ಕೆ ಬಿಟ್ರೆ ಮತ್ತೆ ಹಾಗೇ ಆಗಬಹುದಂತೆ. ಆರು ಆಗ್ಲಿ."

"ಹೆತ್ತವಳು ನೀನು. ಹಸಿದು ಕೇಳೋ ಮಗಳಿಗೆ ಇಲ್ಲ ಅಂತೀಯಲ್ಲ."

ಜವರಮ್ಮ ಪಲ್ಪರ್ ಮನೆಯ ಕಡೆ ಕಿವಿಗೊಟ್ಟಳು. ಎಂಟಕ್ಕೆ ಶುರುವಾಗಬೇಕಾದ ಎಂಜಿನ್ನು ಎಂಟೂವರೆಯಾದರೂ ಸುಮ್ಮನಿತ್ತು. ಓಡಿಹೋಗಿ ನೋಡಿದರೆ ಎಂಜಿನ್ ಡ್ರೈವರ್ ಓಂಕಾರಪ್ಪ ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ಕೂತಿದ್ದ.

"ಇನ್ನರ್ಧ ಗಂಟೆ ಜವರಮ್ಮ. ಇದಕ್ಕೂ ಬೆಳಿಗ್ಗೆ ಚಳಿ."

"ಬೇಗ ಮಾಡು ಮಾರಾಯ. ಏಳು ತಿಂಗಳು ನಿಂತಿದ್ದೊಂದು ಅಲ್ಲಿ ಈಗ ತಾನೆ ಶುರುವಾಗಿದೆ."

ತಿರುಗಿ ಬಂದಾಗ ತಿಮ್ಮಮ್ಮ ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ತುಟಿಯ ಹತ್ತಿರ ತಂದಿದ್ದಳು. ಭೂತಯ್ಯ ಪಕ್ಕದಲ್ಲಿ ಕೂತು ಆರಲೆಂದು ಊದುತ್ತಿದ್ದ. ಜವರಮ್ಮ ಬಟ್ಟಲು ಕಿತ್ತುಕೊಂಡಳು. ಮಗಳ ಬಾಯಿಗೆ ಬೆರಳು ಹಾಕಿ ನೋಡಿದಳು. ಒಣಗಿತ್ತು.

"ಕೊಡಿಲ್ಲಿ" ಎಂದು ಭೂತಯ್ಯ ಕೈಚಾಚಿದ.

ಕೊಟ್ಟರೆ ಅವನು ಮತ್ತೆ ಕುಡಿಸುತ್ತಾನೆ. ಕೆಳಗಿಟ್ಟರೆ ಮಗಳೇ ಎತ್ತಿಕೊಳ್ಳುತ್ತಾಳೆ. ಚೆಲ್ಲೋಣವೆಂದರೆ ಅದು ಹೊರನಾಡಿನ ಅಕ್ಕಿ. ನಿನ್ನೆಯಿಂದ ಮಗಳ ಜೊತೆ ತಾನೂ ಏನೂ ತಿನ್ನದೆ ಇದ್ದ ಜವರಮ್ಮ ಬಟ್ಟಲೆತ್ತಿ, ಮಗಳ ಕಣ್ಣೆದುರೇ ಗಟಗಟನೆ ಕುಡಿದಳು. ನಾಲಿಗೆ ಸುಟ್ಟಿತು. ಪಾತ್ರೆಯಲ್ಲಿ ಉಳಿದದ್ದನ್ನೂ ಬಿಡಲಿಲ್ಲ.

"ನೀನೇ ಕುಡಿದ್ಯಲ್ಲ" ಎಂದಳು ತಿಮ್ಮಮ್ಮ. "ನೀನು ಅವ್ವನಾ?"

ಕೈ ಬೀಸಿ ಹೊಡೆದಳು ಕೂಡ. ಜವರಮ್ಮ ಹೊಡೆಸಿಕೊಂಡು ಅಲ್ಲೇ ಕೂತಳು. ಏಳು ತಿಂಗಳಿಂದ ಆ ಕೈ ಯಾರ ಮೇಲೂ ಎದ್ದಿರಲಿಲ್ಲ. ಭೂತಯ್ಯ ಮುಖ ತಿರುಗಿಸಿ ಮೆಟ್ಟಿಲಿಳಿದು ಹೋದ.

ಎಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಓಡತೊಡಗಿತು.

"ಏನಾದ್ರೂ ತಿಂದಿದ್ದಾಳಾ?" ಒಳಗೆ ಡಾಕ್ಟರು ಕೇಳಿದರು.

"ಇಲ್ಲ ಸ್ವಾಮಿ. ನಾನು ನೋಡ್ಕೊಂಡೆ."

ಹಲ್ಲುಗಳ ನಡುವೆ ರಬ್ಬರು ಇಟ್ಟರು. ಭುಜ ಹಿಡಿದದ್ದು ಶೇಷಪ್ಪನವರು, ಎರಡೂ ಕಾಲು ಜವರಮ್ಮ. ಮೈ ಸೆಟೆಯಿತು, ನಡುಗಿತು, ಸಡಿಲವಾಯಿತು. ಒಂದು ಕಾಲು ಅವಳ ಹಿಡಿತ ತಪ್ಪಿಸಿಕೊಂಡು ಎದೆಗೆ ಒದ್ದಿತ್ತು. ಅವಳು ಕಣ್ಣು ಮುಚ್ಚಲಿಲ್ಲ.

ಒಂದು ಗಂಟೆಯ ಮೇಲೆ ಎಚ್ಚರವಾದ ತಿಮ್ಮಮ್ಮನಿಗೆ ಇವತ್ತು ಯಾವ ವಾರವೆಂದು ತಿಳಿಯಲಿಲ್ಲ. ಬಟ್ಟಲು, ಬೈಗುಳ, ಹೊಡೆತ ಯಾವುದೂ ನೆನಪಿರಲಿಲ್ಲ. ಹಾಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹಸಿವು ಮಾತ್ರ ಹೋಗಿರಲಿಲ್ಲ. ಭೂತಯ್ಯ ಲೈನಿಗೆ ಹೋಗಿ ಗಿಡ್ಡಮ್ಮನ ಮನೆಯಿಂದ ಅಕ್ಕಿರೊಟ್ಟಿ ತಂದಿದ್ದ, ಅದನ್ನು ಮುಂದಿಟ್ಟ. ತಿಮ್ಮಮ್ಮ ತಾನೇ ಮುರಿದು ತಿಂದಳು. ಎರಡನೆಯದಕ್ಕೆ ಕೈ ಹಾಕುವಾಗ ತಡೆದು ಕೇಳಿದಳು:

"ಅವ್ವ, ನೀನು ಉಂಡ್ಯಾ?"

"ನಂದು ಆಯ್ತು ಮಗ. ನೀನು ತಿನ್ನು."

ಆಮೇಲೆ ಜವರಮ್ಮ ಅಣ್ಣನ ಕಡೆ ತಿರುಗಿದಳು. "ಶುಕ್ರವಾರ ಐದನೇದು. ಇವತ್ತು ಒಂದು ಕಾಲು ನನ್ನ ಕೈ ತಪ್ಪಿಸಿ ಎದೆಗೆ ಒದೀತು. ಬರೋದಾದ್ರೆ ಖಾಲಿ ಕೈಯಲ್ಲಿ ಬಾ."

"ಬರ್ತೀನಿ" ಎಂದ ಭೂತಯ್ಯ. "ಇನ್ನೊಂದು ಕಾಲು ಹಿಡಿಯೋಕೆ ಜನ ಬೇಕಲ್ಲ."